ನಮ್ಮ ಮಾವ ಎತ್ತಾದ ಕಾರಹುಣ್ಣಿಮೆ

ನಮ್ಮ ಮಾವ ಒಂದು ದಿನದ ಮಟ್ಟಿಗೆ ಎತ್ತಾಗಿದ್ದರು. ಬೈಯುತ್ತಿದ್ದೇನೆ ಎಂದುಕೊಳ್ಳಬೇಡಿ. ತಾಯಿಯ ತಮ್ಮನನ್ನು ಹಾಗೆ ಬೈಯುವ ಮನೆತನ ನಮ್ಮದಲ್ಲ. ಬೈಯಲೇಬೇಕು ಎನಿಸಿದಾಗ ಬೇರೆ ಪ್ರಾಣಿಗಳಿವೆ! ಇದು ಊರ ಹಿರಿಯರು ಅಗಸಿಯ ಕಟ್ಟೆ ಮೇಲೆ ಕೂತು, ಎಲೆಅಡಿಕೆ ಹಾಕಿಕೊಂಡು, ಸಾಕುಸಾಕಾಗುವಷ್ಟು ಜಗಳವಾಡಿ ಕೊಟ್ಟ ಪದವಿ. ಹಣೆಗೆ ಕೆಂಪು ಹುರಮಂಜು ಬಳಿದು, ಕೊರಳಿಗೆ ಗೆಜ್ಜೆಸರ ಕಟ್ಟಿ, ಕೆರೆಯ ತೂಬಿನ ಹತ್ತಿರ ಅವರನ್ನು ಸಾಲಿನಲ್ಲಿ ನಿಲ್ಲಿಸಿದ್ದರು. ಆಗ ಅವರಿಗೆ ನಲವತ್ತು ದಾಟಿತ್ತು. ಆ ವಯಸ್ಸಿನ ಎತ್ತನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ನಮ್ಮೂರು ಆಂಧ್ರದ ಗಡಿಯೊಳಗೆ, ಗುಮ್ಮಘಟ್ಟದ ಕಡೆಯದು. ರಾಯದುರ್ಗದಲ್ಲಿ ಶೇರ್ ಆಟೋ ಹತ್ತಿ, ಮೊಣಕಾಲನ್ನು ಯಾರದೋ ಸೊಂಟಕ್ಕೆ ಒತ್ತಿಕೊಂಡು, ಒಂದು ಕುರಿಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದರೆ ಸಿಗುತ್ತದೆ. ಕುರಿಮರಿ ನಿಮ್ಮದೇ ಆಗಿರಬೇಕೆಂದೇನಿಲ್ಲ. ಈ ಊರಿನಲ್ಲಿ ಕಾರಹುಣ್ಣಿಮೆಯ ಸಂಜೆ ಕರಿ ಹರಿಯುವುದು ಹಿಂದಿನಿಂದ ಬಂದ ಪದ್ಧತಿ. ಬೇವಿನ ಸೊಪ್ಪು, ಕೊಬ್ಬರಿ ಬಟ್ಟಲು ಕಟ್ಟಿದ ಹಗ್ಗವನ್ನು ಅಗಸಿಗೆ, ಅಂದರೆ ಊರಬಾಗಿಲಿಗೆ, ಅಡ್ಡಲಾಗಿ ಬಿಗಿಯುತ್ತಾರೆ. ಅದೇ ಕರಿ. ಕೆರೆಯ ತೂಬಿನಿಂದ ಎತ್ತುಗಳನ್ನು ಓಡಿಸುತ್ತಾರೆ. ಓಟ ದೊಡ್ಡದೇನಲ್ಲ, ಒಂದು ಬೀಡಿ ಸೇದಿ ಮುಗಿಯುವುದರೊಳಗೆ ಮುಗಿದುಹೋಗುತ್ತದೆ. ಮೊದಲು ಬಂದು ಹಗ್ಗ ಹರಿದ ಎತ್ತು ಕೆಂಪಗಿದ್ದರೆ ಆ ವರ್ಷ ಮುಂಗಾರಿ ಬೆಳೆ ಚೆನ್ನ, ಬೆಳ್ಳಗಿದ್ದರೆ ಹಿಂಗಾರಿ. ಗೆದ್ದ ಎತ್ತಿನ ಕಾಲಿಗೆ ಅದರ ಮನೆಯ ಯಜಮಾನಿ ಅಗಸಿಯಲ್ಲೇ ನೀರು ಹಾಕಿ, ಆರತಿ ಎತ್ತಿ, ಒಳಗೆ ಕರೆದುಕೊಳ್ಳಬೇಕು. ಬೇರೆ ಯಾರೂ ಹಾಕುವ ಹಾಗಿಲ್ಲ. ಈ ಕೊನೆಯ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ನಮ್ಮ ಮಾವ ಓಟಕ್ಕೆ ನಿಂತದ್ದೇ ಅದನ್ನು ನಂಬಿ.

ಆಮೇಲೆ ಹೊಲಿಗೆಯ ಕಾಲ ಬಂತು. ರಾಯದುರ್ಗದ ಓಣಿ ಓಣಿಯಲ್ಲೂ ಜೀನ್ಸ್ ಹೊಲಿಯುವ ಮಿಷನ್ನುಗಳು ಸದ್ದು ಮಾಡತೊಡಗಿದವು. ಊರಿನ ಗಂಡಸರು ರಾಯದುರ್ಗಕ್ಕೂ ಬಳ್ಳಾರಿಗೂ ಪ್ಯಾಂಟು ಹೊಲಿಯಲು ಹೋದರು. ಹೆಣ್ಣುಮಕ್ಕಳು ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದರು. ಹೊಲ ಉಳುವುದಕ್ಕೆ ಬಾಡಿಗೆ ಟ್ರ್ಯಾಕ್ಟರ್ ಬಂತು. ಎತ್ತುಗಳು ಒಂದೊಂದಾಗಿ ಸಂತೆಗೆ ಹೋಗಿ ಹಿಂತಿರುಗಲಿಲ್ಲ. ಹಬ್ಬ ಮಾತ್ರ ಪ್ರತಿವರ್ಷವೂ ಬರುತ್ತಿತ್ತು, ಅದಕ್ಕೇನು ಗೊತ್ತು?

ಒಂದು ವರ್ಷ ಎತ್ತಿಲ್ಲದ್ದಕ್ಕೆ ಟ್ರ್ಯಾಕ್ಟರನ್ನೇ ಸಿಂಗರಿಸಿ ಓಡಿಸಿದರು. ಅದು ಕರಿಯ ಹಗ್ಗದ ಜೊತೆ ಅಗಸಿಯ ಮೇಲಿದ್ದ ಕರೆಂಟಿನ ತಂತಿಯನ್ನೂ ಹರಿದು ಊರಿಗೆಲ್ಲ ಕತ್ತಲೆ ತಂದಿತು. ಆದರೂ ಹಿರಿಯರು ಧೈರ್ಯಗೆಡದೆ, ಟ್ರ್ಯಾಕ್ಟರಿನ ಬಣ್ಣ ಕೆಂಪಲ್ಲವೇ, ಮುಂಗಾರಿ ಚೆನ್ನಾಗಿ ಆಗುತ್ತದೆ ಎಂದು ಸಾರಿದರು. ಮುಂಗಾರಿ ಕೈಕೊಟ್ಟಿತು. ಕಂಪನಿಯವರು ಬಳಿದ ಬಣ್ಣಕ್ಕೆ ಮಳೆ ಯಾಕೆ ಮರ್ಯಾದೆ ಕೊಡಬೇಕು! ಮುಂದಿನ ವರ್ಷ ಹಿರಿಯರು ಟ್ರ್ಯಾಕ್ಟರಿಗೆ ಬಹಿಷ್ಕಾರ ಹಾಕಿ ಹೊಸ ಕಟ್ಟಳೆ ಮಾಡಿದರು: ಯಾವ ಮನೆಯಿಂದ ಎತ್ತು ಹೋಗಿದೆಯೋ ಆ ಮನೆಯ ಗಂಡಸು ಅದರ ಹೆಸರಿನಲ್ಲಿ, ಅದರ ಗೆಜ್ಜೆ ಕಟ್ಟಿಕೊಂಡು, ಅದೇ ದಾರಿಯಲ್ಲಿ ಓಡಬೇಕು.

ಇನ್ನು ಮಾವನ ಮನೆಯ ಎತ್ತಿನ ವಿಷಯ. ಅದು ನಿಜವಾಗಿ ಮಾವನದಲ್ಲ, ಅತ್ತೆಯದು. ಅತ್ತೆ ಮಡಕಶಿರದ ಕಡೆಯವರು. ಹಿಪ್ಪುನೇರಳೆ, ಶೇಂಗಾ ಬೆಳೆಯುವ ಮನೆ. ಮದುವೆಯಾಗಿ ಬರುವಾಗ ಅವರಪ್ಪ ಪಾತ್ರೆ ಪಡಗದ ಜೊತೆಗೆ ಒಂದು ಕೆಂದು ಬಣ್ಣದ ಹೋರಿಗರುವನ್ನೂ ಕೊಟ್ಟು ಕಳಿಸಿದ್ದರು. ಅದಕ್ಕೆ ಕೆಂದ ಎಂದೇ ಹೆಸರು. ಮಾವ ಅತ್ತೆಗೆ ಮಕ್ಕಳಾಗಲಿಲ್ಲ. ಕೆಂದ ಬೆಳೆದು ಎತ್ತಾದ. ಅವನಿಗೆ ಜೋಡಿಯಿಲ್ಲ, ಪಕ್ಕದ ಮನೆಯ ಒಂಟಿ ಎತ್ತಿನ ಜೊತೆ ಹೂಡಿ ಎರಡೂ ಮನೆಯವರು ಹೊಲ ಉತ್ತುಕೊಳ್ಳುತ್ತಿದ್ದರು.

ಮಾವ ಅತ್ತೆಯದು ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವ ಸಂಸಾರ. ಆದರೆ ಜಗಳದಲ್ಲಿ ಒಂದು ಶಿಸ್ತಿತ್ತು. ಮುನಿಸಿಕೊಂಡಾಗ ಒಬ್ಬರಿಗೊಬ್ಬರು ಮಾತಾಡುತ್ತಿರಲಿಲ್ಲ. ಆಡಬೇಕಾದದ್ದನ್ನೆಲ್ಲ ಕೆಂದನಿಗೆ ಹೇಳುತ್ತಿದ್ದರು.

"ಕೆಂದಾ, ಮುದ್ದೆ ಆರೋಗ್ತಾ ಐತೆ ಅಂತ ನಿಮ್ಮ ಯಜಮಾನ್ರಿಗೆ ಹೇಳೋ," ಎಂದು ಅತ್ತೆ ಒಳಗಿನಿಂದ.

"ನನಗ ಹಸಿವಿಲ್ಲಂತ ಹೇಳಪಾ ಕೆಂದಾ," ಎಂದು ಮಾವ ಜಗಲಿಯಿಂದ.

"ಹಸಿವಿಲ್ದೋರು ಆವಾಗಿಂದ ಅಡಿಗೆಮನೆ ಬಾಗಿಲಾಗೆ ಇಣುಕ್ತಾ ಇರೋದು ಯಾಕೆ ಅಂತ ಕೇಳೋ ಕೆಂದಾ!"

ಕೆಂದ ಮೆಲುಕು ಹಾಕುತ್ತ ಎರಡೂ ಕಡೆಯ ವಾದವನ್ನು ಕೇಳಿಸಿಕೊಳ್ಳುತ್ತಿದ್ದ. ಯಾರ ಪಕ್ಷವನ್ನೂ ವಹಿಸಿದವನಲ್ಲ. ಕೊನೆಗೆ ಮಾವ ಎದ್ದು ಹೋಗಿ ಆರಿದ ಮುದ್ದೆಯನ್ನೇ ಉಣ್ಣುತ್ತಿದ್ದರು, ಅತ್ತೆ ಬಿಸಿ ಸಾರು ಹಾಕುತ್ತಿದ್ದರು.

ಅಂಥ ಕೆಂದನನ್ನು ಮಾವ ಮಾರಿಬಿಟ್ಟರು. ರಾಯದುರ್ಗದಲ್ಲಿ ಹೊಲಿಗೆ ಕೆಲಸ ಸಿಕ್ಕಿತ್ತು, ಓಣಿಯೊಳಗಿನ ಬಾಡಿಗೆ ಕೋಣೆಯಲ್ಲಿ ಎತ್ತು ಕಟ್ಟಲು ಜಾಗವೆಲ್ಲಿ? ಅತ್ತೆ ಅಣ್ಣನ ಮನೆಯಲ್ಲಿ ರೇಷ್ಮೆಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತೆಂದು ಕೈನೆರವಿಗೆ ಮಡಕಶಿರಕ್ಕೆ ಹೋಗಿದ್ದರು. ಕೇಳಿದರೆ ಬೇಡವೆನ್ನುತ್ತಾರೆ ಎಂದು ಮಾವ ಕೇಳದೇ ಸಂತೆಗೆ ಹೊಡೆದುಕೊಂಡು ಹೋದರು. ಟವೆಲಿನ ಕೆಳಗೆ ದಲ್ಲಾಳಿಯ ಬೆರಳು ಹಿಡಿದು ಬೆಲೆ ಕುದುರಿಸಿ, ವ್ಯಾಪಾರ ಮುಗಿಸಿ ಬಂದರು.

ಅತ್ತೆ ವಾಪಸ್ಸು ಬಂದು ಬರೀ ಗೂಟವನ್ನು ನೋಡಿದರು. ಅಳಲಿಲ್ಲ, ಕೂಗಾಡಲಿಲ್ಲ. "ಯಾರಿಗೆ ಕೊಟ್ರಿ?" ಎಂದರು.

"ಬೆಳುಗುಪ್ಪದಾಗ ಒಕ್ಕಲ ಮನಿ. ಭಾಳ ಒಳ್ಳೇರು. ದಿನಾ ಹಿಂಡಿ ಹಾಕ್ತಾರಂತ."

"ಅವರ ಹೆಸರೇನು?"

ಮಾವ ತೊಲೆ ನೋಡಿದರು. ತೊಲೆಯ ಮೇಲೆ ಯಾರ ಹೆಸರೂ ಇರಲಿಲ್ಲ.

ಮರುದಿನ ಅತ್ತೆ ಬೆಳುಗುಪ್ಪಕ್ಕೆ ಹೋದರು. ಕಂಡ ಕಂಡ ಕೊಟ್ಟಿಗೆಯ ಮುಂದೆ ನಿಂತು, ಇಂಥ ಬಣ್ಣದ, ಬಲಗಿವಿ ಸ್ವಲ್ಪ ಸೀಳಿದ ಎತ್ತು ಬಂದಿದೆಯಾ ಎಂದು ಕನ್ನಡದಲ್ಲೂ ತೆಲುಗಿನಲ್ಲೂ ಕೇಳಿದರಂತೆ. ಸಂಜೆ ಬರಿಗೈಲಿ ಬಂದರು. ಆ ವಾರವೇ ಊರಿನ ಹುಡುಗಿಯರ ಜೊತೆ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೊರಟುಹೋದರು. ಮಾವನ ಕೂಡ ಮಾತು ನಿಂತಿತು. ಮಾತು ದಾಟಿಸುತ್ತಿದ್ದವನೂ ಮನೆಯಲ್ಲಿರಲಿಲ್ಲ. ಎತ್ತನ್ನು ಮಾರಿದ್ದಕ್ಕೆ ಅತ್ತೆ ಹೋದದ್ದಲ್ಲ ಎಂದು ನನಗೆ ಆಗಲೇ ಅನಿಸಿತ್ತು. ಅದು ಎಲ್ಲಿದೆ, ಇದೆಯೋ ಇಲ್ಲವೋ ಎಂದು ತಿಳಿಯದೆ ಆ ಗೂಟದ ಮುಂದೆ ದಿನ ದೂಡುವುದು ಅವರಿಂದ ಆಗಲಿಲ್ಲ.

ಒಂಟಿಯಾದ ಮೇಲೆ ಮಾವನ ತಿಕ್ಕಲುಗಳು ರೆಕ್ಕೆ ಬಿಚ್ಚಿದವು. ಮೊದಲ ಕಾರಹುಣ್ಣಿಮೆಗೆ ಅವರಿಗೆ ರಜೆ ಸಿಗಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಮುಖ ಉಬ್ಬಿಸಿಕೊಂಡು ಸುಮ್ಮನಿರುತ್ತಿದ್ದರು. ಮಾವ ಏನು ಮಾಡಿದರು ಗೊತ್ತೇ? ಬೆಳಿಗ್ಗೆ ಬೇಗ ಹೋಗಿ ತಮ್ಮ ಹೊಲಿಗೆ ಮಿಷನ್ನಿಗೆ ಮೈ ತೊಳೆಸಿದರು! ಅರಿಸಿನ ಕುಂಕುಮ ಹಚ್ಚಿದರು. ಮಿಷನ್ನಿನ ತಲೆಯ ಮೇಲೆ ದಾರದುಂಡೆ ಸಿಕ್ಕಿಸುವ ಎರಡು ಕಡ್ಡಿಗಳಿರುತ್ತವಲ್ಲ, ಅವನ್ನು ಕೋಡುಗಳೆಂದು ತಿಳಿದು ಕೆಂಪು ಬಣ್ಣ ಬಳಿದರು. ನಮ್ಮವ್ವ ಹಬ್ಬಕ್ಕೆ ಮಾಡಿಕೊಟ್ಟ ಕೋಡುಬಳೆಗಳನ್ನು ಎತ್ತಿನ ಕೋಡಿಗೆ ಹಾಕುವ ಹಾಗೆ ಆ ಕಡ್ಡಿಗಳಿಗೇ ಹಾಕಿದರು. ಬಣ್ಣ ಒಣಗಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ದೂರದ ದೇಶಕ್ಕೆ ಹೋಗಬೇಕಾಗಿದ್ದ ಪ್ಯಾಂಟುಗಳ ಮೇಲೆಲ್ಲ ಕೆಂಪು ಬೊಟ್ಟು.

ಮಾಲೀಕರು ತೆಲುಗಿನವರು, ಓಡಿ ಬಂದರು. "ಏಮಯ್ಯಾ, ಮಿಷನ್‌ಕಿ ಪೆಳ್ಳಿ ಚೇಸ್ತುನ್ನಾವಾ?" ಮಿಷನ್ನಿಗೆ ಮದುವೆ ಮಾಡ್ತಿದೀಯೇನಯ್ಯಾ ಎಂದು.

"ಮದಿವಿ ಅಲ್ರಿ ಸಾರ್, ಹಬ್ಬ. ನನ್ನ ಹೊಟ್ಟಿ ಹೊರಿಯೋ ಎತ್ತು ಈಗ ಇದೇ ಅಲ್ರಿ?"

ಮಾಲೀಕರು ಕೆಲಸದಿಂದ ತೆಗೆಯುತ್ತೇನೆ ಎಂದು ಕೂಗಾಡಿದರು. ಕೂಗಾಡುತ್ತಲೇ ಒಂದು ಕೋಡುಬಳೆ ಕಳಚಿ ಬಾಯಿಗೆ ಹಾಕಿಕೊಂಡರು. ಅದು ಗರಿಗರಿಯಾಗಿತ್ತು ಎಂದು ತೋರುತ್ತದೆ, ಮಾವನ ಕೆಲಸ ಉಳಿಯಿತು.

ಹಿರಿಯರ ಹೊಸ ಕಟ್ಟಳೆ ಬಂದದ್ದು ಇದಾದ ಮೇಲೆ. ಸುದ್ದಿ ಕಿವಿಗೆ ಬಿದ್ದ ದಿನವೇ ಮಾವ ಆಟೋ ಹತ್ತಿ ನಮ್ಮ ಮನೆಗೆ ಬಂದರು.

"ಅಕ್ಕಾ, ಕೆಂದನ ಹೆಸರಿಲೆ ನಾನು ಓಡ್ತೀನಿ. ನಾನು ಗೆದ್ರ ಆಕಿ ಬಂದು ಕಾಲಿಗೆ ನೀರು ಹಾಕಲೇಬೇಕಲ್ಲ? ಪದ್ಧತಿ ಅದು!"

ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ. "ಪದ್ಧತಿ ಹಿಡಕೊಂಡು ಬರೋ ಹೆಣ್ಣಲ್ಲೋ ಆಕಿ. ಬಾ ಅಂತ ಬಾಯಿಬಿಟ್ಟು ಕರಿ."

"ಯಾವ ಬಾಯಿಲೆ ಕರೀಲಿ ಅಕ್ಕಾ?"

ನಾನು ಆ ಮನುಷ್ಯನನ್ನು ಗೇಲಿ ಮಾಡುತ್ತಲೇ ಬೆಳೆದವಳು. ಅವತ್ತು ಮಾತ್ರ ನನಗೆ ನಗು ಬರಲಿಲ್ಲ. ಗೆದ್ದರೆ ಹೆಂಡತಿ, ಸೋತರೆ ಬಾಡಿಗೆ ಕೋಣೆ ಎಂದು ಅವರು ತಮ್ಮೊಳಗೆ ತೀರ್ಮಾನ ಮಾಡಿಕೊಂಡುಬಿಟ್ಟಿದ್ದರು. ಅತ್ತೆಯ ಫ್ಯಾಕ್ಟರಿಯಲ್ಲೇ ಕೆಲಸ ಮಾಡುವ ನಮ್ಮೂರ ಹುಡುಗಿಗೆ ಫೋನು ಮಾಡಿಸಿ ಸುದ್ದಿ ಮುಟ್ಟಿಸಿದರು. ಆಮೇಲೆ ದಿನವೂ ಅವಳನ್ನು ಕಾಡಿದರು.

"ಹೇಳಿದಿ ಅಲ್ಲವಾ? ಏನಂದ್ಲು?"

"ಏನೂ ಅನ್ಲಿಲ್ಲ ಮಾವ. ಕಾಲರ್ ಹೊಲೀತಿದ್ಲು, ಹೊಲೀತಾನೇ ಇದ್ಲು."

"ಬರಂಗಿಲ್ಲ ಅಂತೂ ಅನ್ಲಿಲ್ಲ ಅಲ್ಲ?" ಎಂದು ಮಾವ ಫೋನು ಇಟ್ಟರು.

ಎತ್ತಾಗುವುದೆಂದರೆ ಸುಮ್ಮನೆಯೇ? ಮಾವ ಮನಸ್ಸಿಟ್ಟು ತಯಾರಾದರು. ಬೆಳಗಿನ ಚಹಾ ಬಿಟ್ಟು ನೆನೆಸಿದ ಹುರುಳಿ ತಿಂದರು. ಅದರ ಪರಿಣಾಮವನ್ನು ಪಕ್ಕದ ಮಿಷನ್ನಿನಲ್ಲಿ ಕೂರುವವರನ್ನು ಕೇಳಿ ತಿಳಿಯಬೇಕು, ನಾನು ಬರೆಯುವಂತಿಲ್ಲ. ಬೆಳಕು ಹರಿಯುವ ಹೊತ್ತಿಗೆ ಕೆಂದನ ಗೆಜ್ಜೆಸರ ಕೊರಳಿಗೆ ಕಟ್ಟಿಕೊಂಡು ರಾಯದುರ್ಗದ ಓಣಿಗಳಲ್ಲಿ ಓಡುತ್ತಿದ್ದರು. ನಾಯಿಗಳು ಹಿಂದೆ, ಮಾವ ಮುಂದೆ. ಅಭ್ಯಾಸ ಚೆನ್ನಾಗಿಯೇ ಆಯಿತು! ಒಂದು ದಿನ ಗೆಜ್ಜೆಯ ಸದ್ದು ಕೇಳಿ, ಕೋಲೆಬಸವ ಬಂದನೆಂದು ಒಬ್ಬ ಅಜ್ಜಿ ಮೊರದ ತುಂಬ ಜೋಳ ತಂದು, ಕಣ್ಣು ಮುಚ್ಚಿ ಕೈಮುಗಿದು ನಿಂತಳಂತೆ: "ಬಸವಣ್ಣಾ, ಮೊಮ್ಮಗಳಿಗೆ ಗಂಡು ಸಿಗ್ತದೇನಪಾ?"

ಮಾವ ಏನು ಮಾಡಬೇಕಿತ್ತು ಹೇಳಿ? ಮುದುಕಿಯ ಆಸೆ ಮುರಿಯಬಾರದೆಂದು ಗೆಜ್ಜೆ ಘಲ್ಲೆನ್ನುವ ಹಾಗೆ ತಲೆ ಆಡಿಸಿ, ಅವಳು ಕಣ್ಣು ಬಿಡುವುದರೊಳಗೆ ಓಣಿ ದಾಟಿದರು. ಜೋಳ ಮಾತ್ರ ಮುಟ್ಟಲಿಲ್ಲ. "ಸುಳ್ಳು ಎತ್ತು ನಾನು. ಖರೇ ಎತ್ತಿನ ಪಾಲು ತಿನ್ನಬಾರದು," ಎಂದರು ನಮಗೆ.

ಹುಣ್ಣಿಮೆಗೆ ಮುಂಚೆ ಎರಡು ದಿನ ಮಳೆ ಹಿಡಿಯಿತು. ನಮ್ಮ ಕೆರೆಯ ಹಿಂದಿನದು ಎರೆ ನೆಲ. ಒಣಗಿದಾಗ ಕಾಲು ಸೀಳುತ್ತದೆ, ನೆನೆದಾಗ ಕಾಲು ಬಿಡುವುದಿಲ್ಲ. ಎತ್ತುಗಳ ದಾರಿಯಲ್ಲಿ ಈಗ ಎತ್ತುಗಳೇ ಓಡಾಡದ್ದರಿಂದ ಎರಡೂ ಬದಿಯ ಜಾಲಿ ಒಳಗೆ ಚಾಚಿಕೊಂಡಿತ್ತು. ನಡುವೆ ಮೊಣಕಾಲುದ್ದ ಕೆಸರು. ಓಡುವವರು ತೂಬಿನ ಹತ್ತಿರ ಬಂದು ನಿಂತರು. ಒಬ್ಬರಿಗಿಂತ ಒಬ್ಬರಿಗೆ ಹೊಟ್ಟೆ ಮುಂದು. ಕುರಿ ಮೇಯಿಸುವ ಒಬ್ಬ ಮಾತ್ರ ಕಡ್ಡಿಯ ಹಾಗಿದ್ದ. ಎಲ್ಲರೂ ಚಡ್ಡಿ ಹಾಕಿದ್ದರು, ಇಲ್ಲವೇ ಪಂಚೆಯನ್ನು ಕಚ್ಚೆ ಕಟ್ಟಿದ್ದರು. ನಮ್ಮ ಮಾವ ತಾವೇ ಹೊಲಿದ ಹೊಚ್ಚಹೊಸ ಜೀನ್ಸ್ ಪ್ಯಾಂಟಿನಲ್ಲಿ ಬಂದರು. ದಪ್ಪ ಬಟ್ಟೆ, ಜೋಡಿ ಹೊಲಿಗೆ. ಹೆಂಡತಿ ಬಂದರೆ ಮೊಣಕಾಲು ಬಿಟ್ಟುಕೊಂಡು ಹೇಗೆ ನಿಲ್ಲುವುದು ಎಂದು ಅವರ ಚಿಂತೆ!

ಹಿರಿಯರಲ್ಲಿ ಗುಜುಗುಜು ಎದ್ದಿತು. "ಕೆಂಪೆತ್ತಿನ ಹೆಸರಿಲೆ ಓಡ್ತೀ, ನೀಲಿ ಪ್ಯಾಂಟು ಹಾಕೀ. ನೀ ಗೆದ್ರ ಯಾವ ಬೆಳಿ ಅಂತ ತಿಳಕಂಬೇಕಪಾ?"

"ಜೀನ್ಸ್ ಬೆಳಿ ಅನ್ರಿ," ಎಂದಳು ಗುಂಪಿನಲ್ಲಿದ್ದ ಒಬ್ಬ ಮುದುಕಿ. "ಈಗ ಊರಾಗ ಬರೋದು ಅದೊಂದ."

ಎಲ್ಲರೂ ನಕ್ಕರು. ಕೊನೆಗೆ ಮಾವನ ಮುಖಕ್ಕೆ ಇನ್ನಷ್ಟು ಹುರಮಂಜು ಬಳಿದು ಕೆಂಪೆತ್ತೆಂದು ಒಪ್ಪಿಕೊಂಡರು.

ನಾನೂ ಅವ್ವನೂ ಅಗಸಿಯಲ್ಲಿ ನಿಂತಿದ್ದೆವು. ಅವ್ವ ಕೈಯಲ್ಲಿ ಚೊಂಬು ಹಿಡಿದಿದ್ದಳು. ಮದುವೆಯಾಗಿ ಹೋದ ಅಕ್ಕ ತಂಗಿಯರು ನೀರು ಹಾಕುವ ಹಾಗಿಲ್ಲ ಎಂದು ಅವಳಿಗೂ ಗೊತ್ತು. ಆದರೂ ತಮ್ಮನಿಗಾಗಿ ಚೊಂಬು ಹಿಡಿದು ನಿಂತವರು ಒಬ್ಬರಾದರೂ ಇರಲಿ ಎಂದಿರಬೇಕು. ಬೆಂಗಳೂರಿನ ಬಸ್ಸು ರಾಯದುರ್ಗಕ್ಕೆ ಬೆಳಿಗ್ಗೆಯೇ ಬಂದಿತ್ತು. ಅದರಿಂದ ಇಳಿದವರೆಲ್ಲ ಊರು ಸೇರಿದ್ದರು. ಅತ್ತೆ ಬಂದಿರಲಿಲ್ಲ.

ಹಲಗೆ ಬಾರಿಸಿದರು, ಓಟ ಶುರುವಾಯಿತು. ನಂಬಿದರೆ ನಂಬಿ, ಮಾವನೇ ಮುಂದಿದ್ದರು! ನಾಯಿಗಳು ಕೊಟ್ಟ ತರಬೇತಿ ಸುಳ್ಳಾಗಲಿಲ್ಲ. ಗೆಜ್ಜೆ ಝಣಗುಟ್ಟುತ್ತಿತ್ತು, ಕೆಸರು ತಲೆಯ ಮೇಲೆ ಹಾರುತ್ತಿತ್ತು. ಜಾಲಿಯ ತಿರುವಿನವರೆಗೂ ಅವರ ಹತ್ತಿರ ಯಾರೂ ಸುಳಿಯಲಿಲ್ಲ. ಅಷ್ಟರಲ್ಲಿ ಆ ಜೀನ್ಸು ನೀರು ಕುಡಿಯಿತು ನೋಡಿ. ದಿನವಿಡೀ ಅದೇ ಬಟ್ಟೆಯನ್ನು ಹೊಲಿಯುವ ಮನುಷ್ಯ, ಒಗೆದ ಜೀನ್ಸನ್ನು ಎತ್ತಿ ಹಿಂಡುವುದೆಷ್ಟು ಕಷ್ಟವೆಂದು ತಿಳಿಯದವರೇ? ಪ್ಯಾಂಟು ಭಾರವಾಗಿ ಜಾರತೊಡಗಿತು. ಒಂದು ಕೈಯಲ್ಲಿ ಸೊಂಟ ಹಿಡಿದರು. ಆಮೇಲೆ ಎರಡೂ ಕೈಯಲ್ಲಿ ಹಿಡಿದರು. ಎರಡು ಕೈಯೂ ಸೊಂಟದಲ್ಲಿರುವವನು ಎರೆ ಕೆಸರಿನಲ್ಲಿ ಎಷ್ಟು ದೂರ ಓಡಬಲ್ಲ? ಮುಖ ಅಡಿಯಾಗಿ ಬಿದ್ದರು. ಎದ್ದರು, ಮತ್ತೆ ಬಿದ್ದರು. ಕುರಿಯವನು ತನ್ನ ಬಿಳೆತ್ತಿನ ಹೆಸರಿನಲ್ಲಿ ಅವರನ್ನು ದಾಟಿದ. ಹೊಟ್ಟೆಯವರೂ ಒಬ್ಬೊಬ್ಬರಾಗಿ ದಾಟಿದರು. ಪ್ಯಾಂಟಿನ ಒಂದು ಹೊಲಿಗೆಯೂ ಬಿಚ್ಚಿಕೊಳ್ಳಲಿಲ್ಲ ಎಂಬುದನ್ನು ಮಾತ್ರ ಮಾವ ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಕುರಿಯವನು ಕರಿ ಹರಿದ. ಜನ ಕೊಬ್ಬರಿಗೆ ಮುಗಿಬಿದ್ದರು. ಆ ಗದ್ದಲದಲ್ಲಿ ಒಂದು ಶೇರ್ ಆಟೋ ಬಂದು ನಿಂತದ್ದನ್ನು ನಾನು ಕಾಣಲಿಲ್ಲ. ಪಕ್ಕದಲ್ಲಿ ಯಾರೋ ನಿಂತಂತಾಗಿ ತಿರುಗಿದರೆ ಅತ್ತೆ! ಸೊಂಟದಲ್ಲಿ ಬ್ಯಾಗು, ಕೈಯಲ್ಲಿ ಚಪ್ಪಲಿ, ಬೆರಳುಗಳಲ್ಲಿ ಸೂಜಿ ಚುಚ್ಚಿದ ಕಪ್ಪು ಕಲೆಗಳು. ಹಿಂದಿನ ರಾತ್ರಿಯ ಬಸ್ಸು ತಪ್ಪಿಹೋಗಿ, ಪಾವಗಡದ ಮೇಲೆ ಬಸ್ಸು ಬದಲಿಸುತ್ತ ಬಂದಿದ್ದರು. ಅವ್ವ ಏನೂ ಕೇಳದೆ ಚೊಂಬನ್ನು ಅವರ ಕೈಗೆ ಕೊಟ್ಟಳು.

ಓಟ ಮುಗಿದಿದ್ದರೂ ಮಾವ ಇನ್ನೂ ಓಡುತ್ತಿದ್ದರು. "ಸಾಕು ಬಾರೋ ಮಾರಾಯ, ಮುಗೀತು!" ಎಂದು ಯಾರೋ ಕೂಗಿದರು. ಅವರು ನಿಲ್ಲಲಿಲ್ಲ. ಎರಡೂ ಕೈಯಲ್ಲಿ ಸೊಂಟ ಹಿಡಿದು, ಕುಂಟುತ್ತ, ಹರಿದುಬಿದ್ದ ಹಗ್ಗದವರೆಗೂ ಬಂದರು. ಕೆಸರು, ಹುರಮಂಜು ಬೆರೆತು ಮುಖ ಯಾರದೆಂದು ಗೊತ್ತಾಗುತ್ತಿರಲಿಲ್ಲ. ಆಗ ಅತ್ತೆಯನ್ನು ಕಂಡರು. ಕಂಡವರೇ ಅಲ್ಲೇ ನಿಂತರು, ಮುಂದೆ ಬರಲೊಲ್ಲರು.

"ನಾನು ಮೊದಲು ಬರ್ಲಿಲ್ಲ," ಎಂದರು, ದೂರದಿಂದಲೇ. "ನನಗ ನೀರು ಹಾಕಂಗಿಲ್ಲ."

"ನೀವು ಗೆಲ್ತೀರ ಅಂತ ನಾನು ಬರ್ಲಿಲ್ಲ," ಎಂದರು ಅತ್ತೆ. "ಬೀಳ್ತೀರ ಅಂತ ಬಂದೆ. ಬನ್ನಿ ಇತ್ಲಾಗೆ, ಕಾಲು ಕೊಡಿ."

ಹಿರಿಯರೊಬ್ಬರು ಬಾಯಿ ತೆರೆದರು. ಅವ್ವ ಅವರತ್ತ ಒಮ್ಮೆ ನೋಡಿದಳು, ತೆರೆದ ಬಾಯಿ ಮುಚ್ಚಿಕೊಂಡಿತು. ಮಾವ ಕಟ್ಟೆಯ ಮೇಲೆ ಕೂತು ಒಂದು ಕಾಲು ಚಾಚಿದರು. ಅತ್ತೆ ನೀರು ಹೊಯ್ದು, ಬೆರಳ ಸಂದಿಯಲ್ಲಿ ಮೆತ್ತಿದ ಎರೆ ಮಣ್ಣನ್ನು ಉಗುರಿನಿಂದ ಬಿಡಿಸತೊಡಗಿದರು. ಪಾದದಲ್ಲಿ ಜಾಲಿಮುಳ್ಳು ಮುರಿದಿತ್ತು. ತಮ್ಮ ಕೊರಳ ಸರದ ಪಿನ್ನು ಬಿಚ್ಚಿ ಅದನ್ನೂ ತೆಗೆದರು. ಮಾವ ತಲೆ ತಗ್ಗಿಸಿಕೊಂಡೇ ಹೇಳಿದರು:

"ಕೆಂದ ಬೆಳುಗುಪ್ಪದಾಗ ಇಲ್ಲ. ದಲ್ಲಾಳಿ ಹಗ್ಗ ಹಿಡಕೊಂಡು ಹೋದ. ಯಾರಿಗೆ ಅಂತ ನಾನು ಕೇಳಲಿಲ್ಲ. ಕೇಳಿದ್ರ ಕಟುಕರಿಗೆ ಅಂದಾನಂತ ಹೆದ್ರಿಕಿ ಆತು. ಎಲ್ಲಿಗೆ ಹೋತೋ ನನಗ ಖರೇನ ಗೊತ್ತಿಲ್ಲ."

ಅತ್ತೆಯ ಕೈ ನಿಂತಿತು. ಅತ್ತೆ ಇನ್ನು ಚೊಂಬು ಕೆಳಗಿಟ್ಟು ಬ್ಯಾಗು ಎತ್ತಿಕೊಂಡು ಹೊರಟುಬಿಡುತ್ತಾರೆ, ಈ ಸಲ ಹೋದರೆ ಮತ್ತೆ ಬರುವುದಿಲ್ಲ ಎಂದೇ ನಾನು ಅಂದುಕೊಂಡೆ. ಅತ್ತೆಯ ಕಣ್ಣಿನಿಂದ ನೀರು ಬಿದ್ದದ್ದು ಆ ಪಾದದ ಮೇಲೆ. ಅದನ್ನು ಅವರು ಅಂಗೈಯಿಂದ ಒರೆಸಿ, ತೊಳೆದ ಕಾಲನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟರು.

"ಇನ್ನೊಂದು ಕಾಲು ಕೊಡಿ," ಎಂದರು.